‘ಟೈಟ್ ಎಂಡ್’ಗೆ ‘ಒತ್ತುತುದಿ’ ಅನ್ನಬಹುದಾ?

ಗೆಳೆಯರೇ, ನಮಸ್ಕಾರ.

ನಾನಿರುವುದು ಅಯೋವಾ ಸಿಟಿಯಲ್ಲಿ. ಸೆಪ್ಟೆಂಬರ್ ಬಂತೆಂದರೆ ಶನಿವಾರ ಇಲ್ಲಿ ಬೇರೆ ಮಾತೇ ಇಲ್ಲ, ಕಾಲೇಜು ಫುಟ್‌ಬಾಲ್ ಒಂದೇ. ನಮ್ಮ ಕಾಲ್ಚೆಂಡಲ್ಲ, ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುವ ಅಮೆರಿಕದ ಆಟ. ಊರಿಂದ ಬಂದಿರುವ ಅಪ್ಪ ಟಿವಿ ಮುಂದೆ ಕೂತು ಕೇಳಿದರು: “ಗಳಿಗೆಗೊಂದು ಸಲ ಟೈಟ್ ಎಂಡ್, ಟೈಟ್ ಎಂಡ್ ಅಂತಾನಲ್ಲೋ, ಅದ್ಯಾರು, ಎಂಡ ಕುಡಿದು ಟೈಟ್ ಆದೋನಾ?” ನಾವು ಮಂಡ್ಯದ ಕಡೆಯವರು, ಹೆಂಡಕ್ಕೆ ಎಂಡ ಅನ್ನುವವರು. ನಕ್ಕಿದ್ದಾಯಿತು. ಆದರೆ ಉತ್ತರ ಹೇಳಲು ಹೋಗಿ ನಾನೇ ತಡವರಿಸಿದೆ. ಊರಿಂದ ಬರುವ ಅಪ್ಪ ಅಮ್ಮಂದಿರಿಗಾಗಿ ಎರಡು ಪುಟದ ಕನ್ನಡ ಟಿಪ್ಪಣಿ ಬರೆಯುವ ಆಸೆ ಬೇರೆ ಇದೆ. ಅದಕ್ಕೇ ಈ ಪತ್ರ.

ಮೊದಲು ಆಸಾಮಿ ಯಾರು ಅಂತ ನೋಡೋಣ. ಚೆಂಡು ಇರುವ ತಂಡದ ಐದು ಜನ ದಢೂತಿಗಳು ಸಾಲಾಗಿ ಬಗ್ಗಿ ನಿಲ್ಲುತ್ತಾರೆ. ನಡುವೆ ಸೆಂಟರ್, ಅವನ ಎರಡೂ ಕಡೆ ಗಾರ್ಡ್, ಅವರಾಚೆ ಟ್ಯಾಕಲ್. ಇವರ ಕೆಲಸ ತಳ್ಳುವುದು, ತಡೆಯುವುದು, ಅಷ್ಟೇ. ಮುಂದಕ್ಕೆ ಎಸೆದ ಪಾಸ್ ಹಿಡಿಯುವ ಹಕ್ಕು ಇವರಿಗಿಲ್ಲ. ಒಂದು ಕಡೆಯ ಟ್ಯಾಕಲ್‌ನ ಪಕ್ಕದಲ್ಲೇ, ಇನ್ನೇನು ಭುಜ ತಾಗಬೇಕು ಅನ್ನುವಷ್ಟು ಹತ್ತಿರ ಆರನೆಯವನೊಬ್ಬ ನಿಲ್ಲುತ್ತಾನೆ. ಅವನೇ ಟೈಟ್ ಎಂಡ್. ಇವನು ತಳ್ಳಲೂಬೇಕು, ಓಡಿ ಹೋಗಿ ಕ್ಯಾಚ್ ಹಿಡಿಯಲೂಬೇಕು. ಅಪ್ಪನಿಗೆ ಒಂದು ತುಣುಕನ್ನು ನಿಲ್ಲಿಸಿ ನಿಲ್ಲಿಸಿ ತೋರಿಸಿದೆ. ಚೆಂಡು ಹಿಂದಕ್ಕೆ ಹೋದ ತಕ್ಷಣ ಇವನು ಎದುರಾಳಿಯ ಎದೆಗೆ ಎರಡೂ ಕೈ ಕೊಟ್ಟ, ಹಿಂದಿದ್ದವರು ಓಹೋ ಚೆಂಡು ಹಿಡಿದು ಓಡುತ್ತಾರೆ ಅಂದುಕೊಂಡು ಮುಂದೆ ನುಗ್ಗಿದರು, ಅಷ್ಟರಲ್ಲಿ ಇವನು ಭುಜ ಜಾರಿಸಿಕೊಂಡು ಅವರ ಬೆನ್ನ ಹಿಂದಿನ ಖಾಲಿ ಜಾಗಕ್ಕೆ ಹೋಗಿ ಆರಾಮಾಗಿ ಪಾಸ್ ಹಿಡಿದ. “ಕಳ್ಳ ಕಣೋ ಇವನು, ಸುಮ್ನೆ ತಳ್ಳೋ ನಾಟಕ ಆಡಿದ” ಅಂದರು ಅಪ್ಪ. ಇವನ ಕೆಲಸವನ್ನು ಇದಕ್ಕಿಂತ ಚೆನ್ನಾಗಿ ನಾನಂತೂ ಹೇಳಲಾರೆ.

ಈಗ ಪದಕ್ಕೆ ಬರೋಣ. ಮೊದಲು ಹೊಳೆದದ್ದು ‘ಬಿಗಿತುದಿ’. ಹಗ್ಗದ ಗಂಟಿನ ಹಾಗೆ ಕೇಳಿಸುತ್ತದೆ, ಅಲ್ವಾ? ಇಲ್ಲಿ ಟೈಟ್ ಅಂದರೆ ಬಿಗಿ ಅಲ್ಲವೇ ಅಲ್ಲ. ಸಾಲಿನ ತುದಿಯಲ್ಲಿ ನಿಲ್ಲುವವರು ಇಬ್ಬರು. ಒಬ್ಬ ಸಾಲಿನಿಂದ ದೂರ ಸರಿದು ನಿಲ್ಲುತ್ತಾನೆ, ಅವನು ಸ್ಪ್ಲಿಟ್ ಎಂಡ್. ಸಾಲಿಗೆ ಅಂಟಿಕೊಂಡೇ ನಿಂತವನು ಟೈಟ್ ಎಂಡ್. ಜೋಡಿಪದ ಇದು, ಒಂದನ್ನು ಬಿಟ್ಟರೆ ಇನ್ನೊಂದಕ್ಕೆ ಅರ್ಥವಿಲ್ಲ.

ಹಾಗಾಗಿ ‘ಒತ್ತು’ ಹಿಡಿದುಕೊಂಡೆ. ಒತ್ತಿಗೆ ನಿಂತ ಅಂದರೆ ಹತ್ತಿರ ನಿಂತ, ಒತ್ತಾಸೆ ಅಂದರೆ ಬೆಂಬಲ, ಒತ್ತಕ್ಷರವಂತೂ ಇನ್ನೊಂದು ಅಕ್ಷರಕ್ಕೆ ಅಂಟಿಕೊಂಡೇ ಬದುಕುವುದು. ಒತ್ತು ಅಂದರೆ ತಳ್ಳು ಅಂತಲೂ ಆಗುತ್ತದೆ, ಇವನ ಅರ್ಧ ಕೆಲಸ ಅದೇ ತಾನೆ. ಖುಷಿಯಿಂದ ‘ಒತ್ತಾಳು’ ಅಂತ ಕಟ್ಟಿದೆ. ಹೆಂಡತಿ ಕೇಳಿ, “ಯಾರು, ಕಾಲು ಒತ್ತೋ ಆಳಾ?” ಅಂದಳು. ಅಲ್ಲಿಗೆ ಅದು ಸತ್ತಿತು.

ಹೇಗಿದ್ದರೂ ಸಾಯಬೇಕಾದ ಪದವೇ. ಯಾಕೆಂದರೆ ‘ತುದಿ’ಯನ್ನು ಬಿಡುವ ಹಾಗಿಲ್ಲ. ಸಾಲಿನಲ್ಲಿರುವವರ ಪೈಕಿ ಪಾಸ್ ಹಿಡಿಯಬಹುದಾದವರು ಎರಡು ತುದಿಯವರು ಮಾತ್ರ, ಅದೂ ಅಂಗಿಯ ನಂಬರು 50ರಿಂದ 79ರ ಒಳಗೆ ಇರಬಾರದು. ಟೈಟ್ ಎಂಡ್‌ನ ಆಚೆ ಅದೇ ಸಾಲಿನಲ್ಲಿ ಇನ್ನೊಬ್ಬ ಬಂದು ನಿಂತರೆ ಮುಗಿಯಿತು, ಇವನ ಹಕ್ಕು ಹೋಯಿತು. 2024ರ ಅಕ್ಟೋಬರ್ 12ರಂದು ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ತಂಡ ಇದೇ ನಿಯಮ ಇಟ್ಟುಕೊಂಡು ಯುಎಸ್‌ಸಿ (ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ) ತಂಡದ ಮೇಲೆ ಒಂದು ಕಿಲಾಡಿತನ ಮಾಡಿತು. ತಮ್ಮ ಟೈಟ್ ಎಂಡ್ ಟೈಲರ್ ವಾರೆನ್‌ನನ್ನೇ ಚೆಂಡು ಹಿಂದಕ್ಕೆ ಕೊಡುವ ಸೆಂಟರ್ ಜಾಗದಲ್ಲಿ ನಿಲ್ಲಿಸಿದರು, ಆದರೆ ಸಾಲನ್ನು ಒಂದೇ ಕಡೆಗೆ ಜರುಗಿಸಿದ್ದರಿಂದ ಆ ಸೆಂಟರೇ ತುದಿಯವನೂ ಆದ. ಚೆಂಡು ಹಿಂದಕ್ಕೆ ಕೊಟ್ಟ, ಓಡಿದ, 32 ಗಜದ ಪಾಸ್ ಹಿಡಿದು ಟಚ್‌ಡೌನ್ ಮಾಡಿದ, ಅಂದರೆ ಚೆಂಡನ್ನು ಎದುರಾಳಿಯ ಕೊನೆಗೆರೆ ದಾಟಿಸಿ ಅಂಕ ಗಳಿಸಿದ. ಆ ಒಂದೇ ಆಟದಲ್ಲಿ 17 ಕ್ಯಾಚ್, 224 ಗಜ. ಸಾಲಿನಲ್ಲಿ ತುದಿ ಅನ್ನುವುದು ಜಾಗದ ಹೆಸರು ಅಂತ ನನಗೆ ನಿಜವಾಗಿ ಅರ್ಥವಾದದ್ದು ಅವತ್ತು.

ಹಾಗಾಗಿ ಒತ್ತುತುದಿ, ಅದರ ಜೋಡಿಗೆ ಬಿಡಿತುದಿ. ಬಿಡಿ ಹೂವು, ಒತ್ತಾಗಿ ಕಟ್ಟಿದ ಮಾಲೆ ಅಂತೀವಲ್ಲ, ಹಾಗೆ. ಆಡುವವನಿಗೆ ಬೇಕಾದರೆ ಒತ್ತುತುದಿಗ.

ಒಂದು ತಕರಾರು ನೀವೇ ಎತ್ತುತ್ತೀರಿ. ಈಗಿನ ಟೈಟ್ ಎಂಡ್‌ಗಳು ಒತ್ತಿಗೆ ನಿಲ್ಲುವುದೇ ಕಮ್ಮಿ. ಜಾರ್ಜಿಯಾ ವಿಶ್ವವಿದ್ಯಾಲಯದ ಬ್ರಾಕ್ ಬವರ್ಸ್ 2022, 2023 ಎರಡೂ ವರ್ಷ ಈ ಜಾಗದ ದೊಡ್ಡ ಬಹುಮಾನವಾದ ಜಾನ್ ಮ್ಯಾಕಿ ಪ್ರಶಸ್ತಿ ಗೆದ್ದವನು. ಸಾಲಿಗೆ ಅಂಟಿ, ಸಾಲಿನಿಂದ ದೂರ, ಹಿಂದೆ, ಎಲ್ಲೆಂದರಲ್ಲಿ ನಿಲ್ಲುತ್ತಿದ್ದ. ಆದರೂ ಅವನನ್ನು ಟೈಟ್ ಎಂಡ್ ಅಂತಲೇ ಕರೆದರು. ಇರಲಿ ಬಿಡಿ, ಶಾನುಭೋಗಿಕೆ ಹೋಗಿ ಎಷ್ಟೋ ವರ್ಷವಾದರೂ ನಾವು ಶಾನುಭೋಗರ ಮನೆ ಅನ್ನುವುದಿಲ್ಲವೇ? ನಮ್ಮ ಅಯೋವಾದಲ್ಲಿ ಇನ್ನೂ ಹಳೇ ಪದ್ಧತಿ ಜಾಸ್ತಿ, ತಳ್ಳಲು ಬಾರದವನಿಗೆ ಇಲ್ಲಿ ಕಷ್ಟ. 2019ರಲ್ಲಿ ಇಲ್ಲಿಂದ ಹಾಕೆನ್ಸನ್, ಫ್ಯಾಂಟ್ ಅಂತ ಇಬ್ಬರು ಟೈಟ್ ಎಂಡ್‌ಗಳು ಒಟ್ಟಿಗೇ ವೃತ್ತಿಪರ ಲೀಗಿನ ಡ್ರಾಫ್ಟ್‌ನ (ತಂಡಗಳು ಸರದಿಯ ಮೇಲೆ ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವ ಪದ್ಧತಿ) ಮೊದಲ ಸುತ್ತಿನಲ್ಲೇ ಆಯ್ಕೆಯಾದರು. ಈ ಊರಿಗೆ ಅದರ ಜಂಬ ಇನ್ನೂ ಇಳಿದಿಲ್ಲ.

ಇನ್ನೊಂದು ಪೇಚು ಉಳಿದಿದೆ, ಇದಕ್ಕೆ ನನ್ನಲ್ಲಿ ಉತ್ತರವಿಲ್ಲ. ಟೈಟ್ ಎಂಡ್ ನಿಂತ ಕಡೆಗೆ ಸ್ಟ್ರಾಂಗ್ ಸೈಡ್ ಅನ್ನುತ್ತಾರೆ, ಅಲ್ಲಿ ಒಬ್ಬ ಜಾಸ್ತಿ ಇರುತ್ತಾನಲ್ಲ. ಟಿಪ್ಪಣಿಯಲ್ಲಿ ‘ಬಲದ ಕಡೆ’ ಅಂತ ಬರೆದೆ. ಅವನು ಎಡಗಡೆ ನಿಂತಾಗ ಏನಾಗುತ್ತದೆ ನೋಡಿ: “ಒತ್ತುತುದಿಗ ಎಡಕ್ಕೆ ಹೋದ, ಈಗ ಬಲದ ಕಡೆ ಎಡಗಡೆ.” ಅಪ್ಪ ಓದಿ, ಕನ್ನಡಕ ತೆಗೆದು, ಒರೆಸಿಕೊಂಡು ಮತ್ತೆ ಓದಿದರು. ‘ಗಟ್ಟಿಕಡೆ’ ಅನ್ನೋಣವೇ? ‘ಭಾರದ ಮಗ್ಗುಲು’ ಅನ್ನೋಣವೇ? ನನಗೆ ಮಗ್ಗುಲು ಇಷ್ಟ. ಆದರೆ ಹಾಸಿಗೆಯ ನೆನಪಾಗುತ್ತದೆ ಅಂತ ಮನೆಯಲ್ಲಿ ಆಕ್ಷೇಪಣೆ ಇದೆ.

ಬ್ಯಾಟ್ಸ್‌ಮನ್‌ಗೆ ದಾಂಡಿಗ ಒಗ್ಗಿದ್ದು ದಾಂಡು ಹಿಡಿದವನೂ ಗಟ್ಟಿಗನೂ ಅದರಲ್ಲಿ ಒಟ್ಟಿಗೇ ಕಂಡದ್ದರಿಂದ ಅಂತ ನನ್ನ ಅಂದಾಜು. ಅಂಥದ್ದೊಂದು ಯಾರಿಗಾದರೂ ಹೊಳೆದರೆ ಬರೆಯಿರಿ. ಕಬಡ್ಡಿ ಆಡಿದವರಿದ್ದರೆ ಇನ್ನೂ ಒಳ್ಳೆಯದು: ಸಾಲಿನ ಕಟ್ಟಕಡೆಯಲ್ಲಿ ನಿಂತವನಿಗೆ ಕಾರ್ನರ್ ಅನ್ನುವುದು ಬಿಟ್ಟು ನಿಮ್ಮೂರಲ್ಲಿ ಬೇರೆ ಏನಾದರೂ ಮಾತಿತ್ತಾ?