ಒಂದೇ ಲಾರಿ, ನಾನೇ ಡ್ರೈವರ್: ನನ್ನ ಹೆಸರಲ್ಲೇ ಇರಲಾ, ಕಂಪನಿ ಮಾಡಬೇಕಾ?

ದಾವಣಗೆರೆ ಟೆನ್‌ವೀಲರ್
ಎಲ್ಲರಿಗೂ ನಮಸ್ಕಾರ. ನನ್ನದು ಹತ್ತು ಚಕ್ರದ ಲಾರಿ, ಜಿವಿಡಬ್ಲ್ಯೂ (ಲೋಡು ಸೇರಿ ಒಟ್ಟು ತೂಕ) 28 ಟನ್. ಆರ್‌ಸಿ ನನ್ನ ಹೆಸರಲ್ಲಿದೆ, ಕಂತು ನಡೆಯುತ್ತಿದೆ, ಓಡಿಸುವುದೂ ನಾನೇ. ಸೀಸನ್‌ನಲ್ಲಿ ಮೆಕ್ಕೆಜೋಳ ತುಂಬಿಕೊಂಡು ನಾಮಕ್ಕಲ್ ಕಡೆ, ಉಳಿದಂತೆ ಸಿಕ್ಕಿದ ಲೋಡು, ಎಲ್ಲಾ ಟ್ರಾನ್ಸ್‌ಪೋರ್ಟ್ ಆಫೀಸಿನವರು ಕೊಡುವ ಬಾಡಿಗೆ. ಈಗ ನಮ್ಮ ಭಾವ ದುಡ್ಡು ಹಾಕುತ್ತೇನೆ, ಇನ್ನೊಂದು ಗಾಡಿ ತಗೊಳ್ಳೋಣ ಅಂತ ಕೂತಿದ್ದಾರೆ. ಸ್ಟ್ಯಾಂಡಿನಲ್ಲಿ ಒಬ್ಬರು, ಪ್ರೈವೇಟ್ ಲಿಮಿಟೆಡ್ ಮಾಡು, ನಾಳೆ ಆಕ್ಸಿಡೆಂಟ್ ಆದರೆ ಮನೆ ಹೊಲ ಉಳಿಯುತ್ತೆ ಅಂತಾರೆ. ಇನ್ನೊಬ್ಬರು ಎಲ್‌ಎಲ್‌ಪಿ, ಅಂದರೆ ಹೊಣೆಗೆ ಮಿತಿ ಇರುವ ಪಾಲುದಾರಿಕೆ, ಮಾಡು ಅಂತಾರೆ. ಯಾರಿಗೂ ಪೂರ್ತಿ ಗೊತ್ತಿದ್ದಂತೆ ಕಾಣಲಿಲ್ಲ. ಸುಮ್ನೆ ನನ್ನ ಹೆಸರಲ್ಲೇ ಇದ್ದರೆ ಏನು ನಷ್ಟ?

ಲೆಕ್ಕ ಬರೆಯುವವನು
ನಷ್ಟ ಏನೂ ಇಲ್ಲ, ಲಾಭವೇ ಜಾಸ್ತಿ. ಹತ್ತು ಗಾಡಿಯವರೆಗೆ ಇರುವವರಿಗೆ ಆದಾಯ ತೆರಿಗೆಯಲ್ಲಿ 44ಎಇ (2026ರ ಏಪ್ರಿಲ್‌ನಿಂದ ಹೊಸ ಕಾಯ್ದೆಯಲ್ಲಿ ಸೆಕ್ಷನ್ ಸಂಖ್ಯೆ ಬೇರೆ) ಅಂತ ಒಂದು ದಾರಿ ಇದೆ. 12 ಟನ್ ಮೀರಿದ ಗಾಡಿಗೆ ತಿಂಗಳಿಗೆ ಟನ್ನಿಗೆ 1,000 ರೂಪಾಯಿ ಆದಾಯ ಅಂತ ಲೆಕ್ಕ ಹಿಡಿಯುತ್ತಾರೆ. ನಿಮ್ಮದು 28 ಟನ್, ಅಂದರೆ ವರ್ಷಕ್ಕೆ 3,36,000. ನಿಜವಾಗಿ ಅದಕ್ಕಿಂತ ಜಾಸ್ತಿ ಉಳಿದಿದೆ ಅಂತ ನೀವೇ ತೋರಿಸಿದರೆ ಅದು ಬೇರೆ. ಡೀಸೆಲ್ ಬಿಲ್ಲು, ಟೋಲ್ ಚೀಟಿ ಕೂಡಿಡುವ ಗೋಜಿಲ್ಲ. ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ರಿಬೇಟ್ (ತೆರಿಗೆ ಮನ್ನಾ) ಇರುವುದರಿಂದ, ಬೇರೆ ಆದಾಯ ಇಲ್ಲದಿದ್ದರೆ ಇಂಥವೇ ಎರಡು ಗಾಡಿ ನಿಮ್ಮ ಹೆಸರಲ್ಲಿದ್ದರೂ ತೆರಿಗೆ ಸೊನ್ನೆ.

ಈ ರಿಬೇಟ್ ವ್ಯಕ್ತಿಗೆ ಮಾತ್ರ. ಪಾಲುದಾರಿಕೆ, ಎಲ್‌ಎಲ್‌ಪಿ ಆದರೆ ಮೊದಲ ರೂಪಾಯಿಯಿಂದಲೇ 30%. ಪಾಲುದಾರರ ಸಂಬಳ, ಬಡ್ಡಿ ಕಳೆಯಬಹುದು ನಿಜ, ಆದರೆ ಅದು ಡೀಡ್‌ನಲ್ಲಿ ಬರೆದಿರಬೇಕು. ಅದು ಒಬ್ಬರಿಗೆ ವರ್ಷಕ್ಕೆ 20,000 ದಾಟಿದರೆ 10% ಟಿಡಿಎಸ್ (ಕೊಡುವಾಗಲೇ ಕಡಿತ ಮಾಡುವ ತೆರಿಗೆ) ಹಿಡಿದು ಕಟ್ಟುವ ಕೆಲಸ ಬೇರೆ. ಕಂಪನಿ ಆದರಂತೂ ಲಾರಿ ಶೆಡ್ಡಲ್ಲಿ ನಿಂತಿದ್ದರೂ ವರ್ಷಾ ವರ್ಷ ಆಡಿಟ್ ಆಗಲೇಬೇಕು, ಕಂಪನಿ ರಿಜಿಸ್ಟ್ರಾರ್‌ಗೆ ಹಾಕುವ ರಿಟರ್ನ್ ತಡವಾದರೆ ಒಂದೊಂದು ಫಾರಂಗೆ ದಿನಕ್ಕೆ 100 ರೂಪಾಯಿ. ಒಂದು ಲಾರಿಗೆ ಇಷ್ಟೆಲ್ಲಾ ಬೇಕಾ?

ಶಿರಾಡಿ ಘಾಟ್
ಮನೆ ಹೊಲ ಉಳಿಯುತ್ತೆ ಅನ್ನುವ ಮಾತಿಗೆ ಬರುತ್ತೇನೆ. ಕಂಪನಿ ಮಾಡಿದರೂ ಸ್ಟೇರಿಂಗ್ ಹಿಡಿದಿರುವುದು ನೀವೇ ಅಲ್ವಾ ಅಣ್ಣ? ಗುದ್ದಿದರೆ ಕೇಸ್ ಡ್ರೈವರ್ ಮೇಲೆ, ಪರಿಹಾರದ ಅರ್ಜಿಯಲ್ಲೂ ಡ್ರೈವರ್ ಹೆಸರು ಇರುತ್ತೆ. ಫೈನಾನ್ಸ್‌ನವರೂ ಸಣ್ಣ ಕಂಪನಿಯನ್ನು ನಂಬಿ ಸಾಲ ಕೊಡುವುದಿಲ್ಲ, ಡೈರೆಕ್ಟರ್ ಆಗಿ ನಿಮ್ಮ ಕೈಲೇ ಗ್ಯಾರಂಟಿ ಸಹಿ ಹಾಕಿಸಿಕೊಳ್ಳುತ್ತಾರೆ.

ಮನೆ ಕಾಯುವುದು ಇನ್ಶೂರೆನ್ಸ್. ಥರ್ಡ್ ಪಾರ್ಟಿಯಲ್ಲಿ (ನಮ್ಮ ಗಾಡಿಯಿಂದ ಬೇರೆಯವರಿಗೆ ಆದ ನಷ್ಟದ ವಿಮೆ) ಜೀವಹಾನಿ, ಗಾಯಕ್ಕೆ ಮಿತಿ ಇಲ್ಲ, ಆಸ್ತಿ ನಷ್ಟಕ್ಕೆ 7.5 ಲಕ್ಷ. ಆದರೆ ಲೈಸೆನ್ಸ್, ಎಫ್‌ಸಿ (ಗಾಡಿಯ ಫಿಟ್‌ನೆಸ್ ಸರ್ಟಿಫಿಕೇಟ್), ಪರ್ಮಿಟ್ ಇದರಲ್ಲಿ ಒಂದು ಮುಗಿದಿದ್ದರೂ ಇನ್ಶೂರೆನ್ಸ್‌ನವರು ಮೊದಲು ಕೊಟ್ಟು ಆಮೇಲೆ ನಿಮ್ಮಿಂದ ವಸೂಲಿ ಮಾಡಬಹುದು. ಮನೆ ಹೋಗುವುದು ಅಲ್ಲಿ.

ಇನ್ನೊಂದು, ಇದನ್ನು ಯಾರೂ ಹೇಳುವುದಿಲ್ಲ. ನಿಮ್ಮ ಪಾಲಿಸಿ ಕಾಗದ ತೆಗೆದು ಲಯಬಿಲಿಟಿ ಕಾಲಂ ನೋಡಿ, ಬೇಸಿಕ್ ಟಿಪಿ (ಥರ್ಡ್ ಪಾರ್ಟಿ) ಕೆಳಗೆ "ಪಿಎ ಓನರ್ ಡ್ರೈವರ್" ಅಂತ ಒಂದು ಸಾಲು ಇರುತ್ತೆ, ಪಿಎ ಅಂದರೆ ಪರ್ಸನಲ್ ಆಕ್ಸಿಡೆಂಟ್. ನೀವು ಸತ್ತರೆ ಮನೆಯವರಿಗೆ 15 ಲಕ್ಷ ಬರುವುದು ಆ ಸಾಲಿನಿಂದ. ಆರ್‌ಸಿ ಕಂಪನಿ ಹೆಸರಿಗೆ ಹೋದರೆ ಆ ಸಾಲು ಸಿಗುವುದಿಲ್ಲ, ಯಾಕೆಂದರೆ ಓನರ್ ಕಂಪನಿ, ಕಂಪನಿಗೆ ಡಿಎಲ್ ಎಲ್ಲಿರುತ್ತೆ! ಆಗ ನಿಮಗೆ ಬೇರೆ ಕವರ್ ಮಾಡಿಸಬೇಕು.

ಹೊಸಪೇಟೆ ಫ್ಲೀಟ್
ಇಬ್ಬರೂ ಹೇಳಿದ್ದು ಒಂದು ಲಾರಿಗೆ ಸರಿ. ನಾಳೆ ಫ್ಯಾಕ್ಟರಿಗೆ ನೇರವಾಗಿ ಲೋಡು ಹಿಡಿದು ನೀವೇ ಎಲ್‌ಆರ್ (ಸರಕು ತಗೊಂಡ ರಸೀದಿ) ಬರೆದು ಕೊಡಲು ಶುರು ಮಾಡಿದರೆ ಕಥೆ ಬೇರೆ, ಆಗ ನೀವು ಜಿಎಸ್‌ಟಿ ಲೆಕ್ಕದಲ್ಲಿ ಜಿಟಿಎ, ಅಂದರೆ ಸರಕು ಸಾಗಣೆ ಏಜೆನ್ಸಿ, ಆಗುತ್ತೀರಿ. ಈಗ ಗಾಡಿಯನ್ನು ಟ್ರಾನ್ಸ್‌ಪೋರ್ಟ್‌ನವರಿಗೆ ಬಾಡಿಗೆ ಕೊಡುತ್ತಿದ್ದೀರಿ, ಅದಕ್ಕೆ ಜಿಎಸ್‌ಟಿ ಇಲ್ಲ. ದೊಡ್ಡ ಕಾಂಟ್ರಾಕ್ಟ್ ಹಿಡಿದು, ಬೇರೆ ಡ್ರೈವರ್‌ಗಳನ್ನು ಇಟ್ಟು, ಹೊರಗಿನವರ ದುಡ್ಡು ಬಂದಾಗ ಕಂಪನಿಗೆ ಅರ್ಥ ಇದೆ. ಅಲ್ಲಿಯವರೆಗೆ ಉದ್ಯಮ್ ನೋಂದಣಿ (ಸಣ್ಣ ಉದ್ದಿಮೆಗಳ ಸರ್ಕಾರಿ ನೋಂದಣಿ) ಮಾತ್ರ ಮಾಡಿಸಿ. ಸರ್ಕಾರಿ ಪೋರ್ಟಲ್‌ನಲ್ಲಿ ಅದು ಫ್ರೀ, ಸಾವಿರಗಟ್ಟಲೆ ಕೇಳುವವರ ಹತ್ತಿರ ಹೋಗಬೇಡಿ.

ದಾವಣಗೆರೆ ಟೆನ್‌ವೀಲರ್
ಇನ್ಶೂರೆನ್ಸ್ ಕಾಗದ ಈಗಲೇ ತೆಗೆದು ನೋಡಿದೆ, ಆ ಸಾಲು ಇದೆ. ಕಂಪನಿ ಬೇಡ, ಅದು ತೀರ್ಮಾನ ಆಯ್ತು. ಭಾವನ ದುಡ್ಡಿಗೆ ಏನು ಮಾಡಲಿ? ಪಾಲುದಾರಿಕೆ ಪತ್ರ ಮಾಡಿಸೋಣ ಅಂತಾರೆ. ಸಂಬಂಧ ಕೆಡಬಾರದು.

ಲೆಕ್ಕ ಬರೆಯುವವನು
ಪಾಲುದಾರಿಕೆ ಅಂದರೆ ನಿಮ್ಮ ಸಾಲಕ್ಕೆ ಭಾವನ ಮನೆಯೂ ಹೊಣೆ, ಇದನ್ನು ಅವರಿಗೆ ಬಿಡಿಸಿ ಹೇಳಿ. ಹೇಳಿದ ಮೇಲೂ ಬೇಕು ಅಂದರೆ ನೋಂದಣಿ ಮಾಡಿಸಿ, ನೋಂದಣಿ ಇಲ್ಲದ ಪಾಲುದಾರಿಕೆಯವರು ಬಾಕಿ ವಸೂಲಿಗೆ ಹೊರಗಿನವರ ಮೇಲೆ ದಾವೆ ಹೂಡುವಂತಿಲ್ಲ.

ನನ್ನನ್ನು ಕೇಳಿದರೆ ಎರಡನೇ ಗಾಡಿ ಭಾವನ ಹೆಸರಲ್ಲೇ ಇರಲಿ. ಅವರ ಆರ್‌ಸಿ, ಅವರ ಸಾಲ, ಅವರ 44ಎಇ. ನೀವು ಓಡಾಟ ನೋಡಿಕೊಂಡು ತಿಂಗಳಿಗೆ ಇಷ್ಟು ಅಂತ ತಗೊಳ್ಳಿ. ಗಾಡಿ ಅವರ ಹೆಸರಲ್ಲಿ ಬೇಡ ಅಂದರೆ ದುಡ್ಡನ್ನು ಸಾಲ ಅಂತ ಪಡೆಯಿರಿ, ಬಡ್ಡಿ, ಅವಧಿ ಬರೆದು ಇಬ್ಬರೂ ಸಹಿ ಹಾಕಿ. ಮದುವೆ ಮನೆಯಲ್ಲಿ ಕವರಿನಲ್ಲಿ ಕೊಟ್ಟಂತೆ ಕೊಡುವುದು ಬೇಡ, 20,000 ಅಥವಾ ಅದಕ್ಕಿಂತ ಜಾಸ್ತಿ ಸಾಲ ನಗದಾಗಿ ತಗೊಂಡರೆ ಅಷ್ಟೇ ಮೊತ್ತ ದಂಡ ಬೀಳಬಹುದು. ಬ್ಯಾಂಕ್ ಖಾತೆಯಿಂದ ಖಾತೆಗೆ ಹಾಕಿಸಿಕೊಳ್ಳಿ. ಮತ್ತೆ ಟ್ರಾನ್ಸ್‌ಪೋರ್ಟ್ ಆಫೀಸಿಗೆ ಪ್ಯಾನ್ ಜೊತೆ, ಹತ್ತಕ್ಕಿಂತ ಜಾಸ್ತಿ ಗಾಡಿ ಇಲ್ಲ ಅಂತ ಡಿಕ್ಲರೇಶನ್ ಕೊಟ್ಟಿದ್ದೀರಾ? ಕೊಟ್ಟರೆ ಬಾಡಿಗೆಯಲ್ಲಿ ಟಿಡಿಎಸ್ ಹಿಡಿಯುವಂತಿಲ್ಲ. ಭಾವನ ಗಾಡಿಗೆ ಅವರ ಪ್ಯಾನ್‌ನಲ್ಲಿ ಬೇರೆಯೇ ಕೊಡಬೇಕು.