ಹಾರರ್ ಸಿನಿಮಾ ನೋಡಿ ಬೆಚ್ಚಿ ಬೀಳ್ತೇನೆ, ಹೆದರಿಕೆ ಮಾತ್ರ ಆಗ್ತಿಲ್ಲ, ನಂದೇ ತಪ್ಪಾ?

ದಣಪೆ, ಶಿರಸಿ:

ಎಲ್ರಿಗೂ ನಮಸ್ಕಾರ. ಮೊನ್ನೆ ಹುಬ್ಬಳ್ಳಿಗೆ ಏನೋ ಕೆಲಸಕ್ಕೆ ಹೋದವ ಹಂಗೇ ಒಂದು ಹಾರರ್ ಸಿನಿಮಾ ನೋಡ್ಕಂಡು ಬಂದೆ, ಹೆಸರು ಹೇಳೋದಿಲ್ಲ ಯಾಕಂದ್ರೆ ಅದೇ ಥರದ್ದು ಹತ್ತು ಇದ್ದಾವೆ. ಎರಡು ತಾಸಲ್ಲಿ ಹನ್ನೊಂದು ಸಲ ಬೆಚ್ಚಿದೆ, ಸುಳ್ಳಲ್ಲ, ಕೂತು ಎಣಿಸಿದ್ದೇನೆ, ಎಣಿಸಲಿಕ್ಕೆ ಪುರಸೊತ್ತು ಸಿಕ್ತು ಅಂದ್ರೇ ತಿಳ್ಕಳಿ ಎಷ್ಟು ಹೆದರಿದ್ದೆ ಅಂತ. ಬಾಗ್ಲು ಧಡ್, ಬೆಕ್ಕು ಧಡ್, ಕನ್ನಡಿ ಧಡ್. ಆಮೇಲೆ ಕಡೇ ಬಸ್ಸಿಗೆ ಬಂದು ಇಳಿದ್ರೆ ಊರಲ್ಲಿ ಕರೆಂಟಿಲ್ಲ, ರಸ್ತೆಯಿಂದ ಮನೆಗೆ ಅರ್ಧ ಕಿಲೋಮೀಟರ್ ತೋಟದ ದಾರಿ, ಮೊಬೈಲ್ ಚಾರ್ಜು ಮೂರು ಪರ್ಸೆಂಟು. ಆ ಸಿನಿಮಾದ ದೆವ್ವ ಒಂದು ಕ್ಷಣಕ್ಕೂ ನೆನಪಾಗ್ಲಿಲ್ಲ ಮಾರಾಯ್ರೆ. ನೆನಪಾಗಿದ್ದು ಸಣ್ಣಕಿದ್ದಾಗ ಅಮ್ಮಮ್ಮ ಹೇಳಿದ ಮಾತು, ರಾತ್ರಿ ದಣಪೆ, ಅದೇ ಬೇಲಿಯ ಗಳದ ಬಾಗ್ಲು, ದಾಟುವಾಗ ಹಿಂದಿಂದ ಯಾರಾದ್ರೂ ಹೆಸರು ಹಿಡಿದು ಕರೆದ್ರೆ ಮೂರನೇ ಸಲ ಕರೆಯೋವರೆಗೆ ಓ ಅನ್ನಬೇಡ ಅಂತ. ಯಾರೂ ಕರೀಲಿಲ್ಲ. ಆದ್ರೂ ಓಡ್ದೆ, ನಲವತ್ತಾಗ್ತಾ ಬಂದ ಗಂಡಸು, ಕೈಯಲ್ಲಿ ಒಂದು ಕೇಜಿ ಪೇಡೆ ಹಿಡ್ಕಂಡು.

ಪೇಪರಲ್ಲಿ ಎಲ್ಲಾ ಸಿನಿಮಾಕ್ಕೂ ಮೈ ಜುಮ್ ಅನ್ನಿಸುವ ಅನುಭವ ಅಂತಲೇ ಬರೀತಾರೆ. ನಮ್ಮ ಮಾಸ್ತರ್ರು ಇಲ್ಲೇ ಇದ್ದಾರಲ್ಲ, ಸಿನಿಮಾ ವಿಮರ್ಶೆ ಬರೆದವ್ರು, ಅವ್ರೇ ಹೇಳ್ಲಿ. ಇತ್ತೀಚಿನದರಲ್ಲಿ ಯಾವ್ದಾದ್ರೂ ಒಂದು ಮನೆವರೆಗೆ ಜೊತೆಗೆ ಬರೋದು ಇದ್ಯಾ?

ಎರಡೂವರೆ ಸ್ಟಾರ್, ಹೊನ್ನಾವರ:

ಬಂದೆ ಬಂದೆ. ನಿಮ್ಮದೇನೂ ತಪ್ಪಿಲ್ಲ. ಹೆಂಚಿನ ಮೇಲೆ ತೆಂಗಿನಕಾಯಿ ಬಿದ್ರೂ ನಾನು ಬೆಚ್ತೇನೆ, ಹಂಗಂತ ತೆಂಗಿನಮರಕ್ಕೆ ಹೆದರ್ತೇನಾ? ಬೆಚ್ಚಿಸಲಿಕ್ಕೆ ಸೌಂಡ್ ಇಂಜಿನಿಯರ್ ಒಬ್ಬ ಸಾಕು. ಹೆದರಿಸಲಿಕ್ಕೆ ಕಾಯಿಸೋದು ಗೊತ್ತಿರಬೇಕು, ಅದು ಈಗಿನವರಿಗೆ ಬರೋದಿಲ್ಲ ಅನ್ನೋದು ನನ್ನ ತಕರಾರು.

ನಮ್ಮ ಕಡೆಯವರಿಗೆ ಇದನ್ನ ಬಿಡಿಸಿ ಹೇಳ್ಬೇಕಾಗಿಲ್ಲ. ಯಕ್ಷಗಾನದ ಆಟದಲ್ಲಿ ರಾಕ್ಷಸ ವೇಷ ಬರೋದು ನೋಡಿದೀರಲ್ಲ, ಇಬ್ಬರು ತೆರೆ ಹಿಡ್ಕಂಡು ನಿಂತಿರ್ತಾರೆ, ಚೆಂಡೆ ಏರ್ತಾ ಹೋಗ್ತದೆ, ಮೊದಲು ಒಂದು ಕೂಗು ಅಷ್ಟೇ, ಆಮೇಲೆ ತೆರೆ ಮೇಲೆ ಕಿರೀಟದ ತುದಿ, ಆಮೇಲೆ ತೆರೆ ಅಂಚಿಗೆ ಬೆರಳು, ಮತ್ತೆ ಮಾಯ. ಪೂರ್ತಿ ಮುಖ ಕಾಣೋಷ್ಟರಲ್ಲಿ ಮುಂದಿನ ಸಾಲಿನ ಮಕ್ಕಳು ಅಜ್ಜನ ಪಂಚೆ ಒಳಗೆ. ಈಗಿನ ಸಿನಿಮಾದವ್ರು ತೆರೆನೇ ಹಿಡಿಯೋದಿಲ್ಲ, ವೇಷ ಸೀದಾ ರಂಗಸ್ಥಳದ ನಡುವೆ ತಂದು ಬಿಸಾಕ್ತಾರೆ.

ಹಿಂದಿಯ 2024ರ ಮುಂಜ್ಯಾ ತಗಳಿ, ಕೊಂಕಣದ ಕಥೆ, ನಮ್ಮ ಪಕ್ಕದ ಮನೆಯದ್ದೇ, ಅಶ್ವತ್ಥಮರದ ದೆವ್ವ. ವಸ್ತು ಎಷ್ಟು ಗನಾ ಇತ್ತು. ಕಂಪ್ಯೂಟರಲ್ಲಿ ಮಾಡಿದ ಆ ಗೊಂಬೆ ಮುಖ ಚೆಂದ ಮಾಡಿ ಕಂಡ ಮೇಲೆ ಅದು ತಂಟೆ ಮಾಡೋ ಮಂಗ ಆಗ್ಹೋಯ್ತು. ನಗಲಿಕ್ಕೆ ಅಡ್ಡಿಲ್ಲ. ಅದಕ್ಕೆ ಹೋಲಿಸಿದ್ರೆ ತುಂಬಾಡ್, 2018ರದ್ದು, ಬಂದಾಗ ಹೆಚ್ಚು ಜನ ನೋಡ್ಲಿಲ್ಲ, 2024ರಲ್ಲಿ ಮತ್ತೆ ಬಿಟ್ಟಾಗ ಮೊದಲಿಗಿಂತ ಜಾಸ್ತಿ ದುಡ್ಡು ಮಾಡ್ತು. ಅದರಲ್ಲಿ ನನ್ನ ಹೆದರಿಸಿದ್ದು ಮಳೆ. ಆಷಾಢದಲ್ಲಿ ನಮ್ಮ ಮನೆ ಗೋಡೆ ಬೆವರ್ತದಲ್ಲ, ಆ ಹಸಿ ವಾಸನೆ ಪರದೆಯಿಂದ ಬಂತು.

ಇಂಗ್ಲಿಷಿನ ವೆಪನ್ಸ್, 2025, ಅರ್ಧ ಒಪ್ತೇನೆ. ಒಂದೇ ಕ್ಲಾಸಿನ 17 ಮಕ್ಕಳು ರಾತ್ರಿ 2:17ಕ್ಕೆ ಎದ್ದು ತಾವೇ ಬಾಗ್ಲು ತೆಕ್ಕಂಡು ಕೈ ಅಗಲ ಮಾಡಿ ಕತ್ತಲಿಗೆ ಓಡ್ತಾವೆ, ಯಾರೂ ಹೊತ್ತುಕೊಂಡು ಹೋಗೋದಿಲ್ಲ, ತಾವೇ. ಅದನ್ನ ನೋಡಿ ಎರಡು ದಿವಸ ಮೊಮ್ಮಗಳ ಕೋಣೆ ಚಿಲಕ ನಾನೇ ನೋಡಿ ಮಲಗ್ದೆ. ಯಾಕೆ ಓಡಿದವು ಅಂತ ಗೊತ್ತಾದ ಮೇಲೆ ಮಜಾ ಇದೆ, ಹೆದರಿಕೆ ಇಲ್ಲ.

ಕಾಂತಾರ ಕೇಳ್ತೀರಿ ಅಂತ ಗೊತ್ತು. 2022ರ ಮೊದಲನೇದರಲ್ಲಿ ಆ ಕೂಗು ಇದೆಯಲ್ಲ, ಅಲ್ಲಿ ಕೂದಲು ನಿಂತಿತ್ತು. 2025ರ ಚಾಪ್ಟರ್ ಒಂದು ಕದಂಬರ ಕಾಲದ್ದು ಅಂತ, ನಮ್ಮ ಬನವಾಸಿಯವ್ರು ಅಂತ ಖುಷಿಯಲ್ಲಿ ಹೋದೆ. ದೊಡ್ಡದು, ಭಾರೀ ದೊಡ್ಡದು. ದೊಡ್ಡದಕ್ಕೆ ಕೈ ಮುಗಿತೇವೆ, ಹೆದರೋದಿಲ್ಲ.

ಕಾಳಿಸಂಗಮ, ಕಾರವಾರ:

ಮಾಸ್ತರ್ರೇ ದೊಡ್ಡವ್ರು ನೀವು, ಆದ್ರೂ ಒಂದು ಜಗಳ. ಮುಚ್ಚಿಟ್ರೆ ಹೆದರಿಕೆ ತೋರಿಸಿದ್ರೆ ಇಲ್ಲ ಅನ್ನೋದಾದ್ರೆ ಮಲಯಾಳದ ಭ್ರಮಯುಗಂಗೆ ಎಂತ ಹೇಳ್ತೀರಿ? ಮಮ್ಮುಟ್ಟಿ ಮೊದಲಿಂದ ಎದುರಿಗೇ ಕೂತಿದ್ದಾರೆ, ಊಟ ಮಾಡ್ತಾರೆ, ನಗ್ತಾರೆ, ಹಾಡು ಹೇಳಿಸ್ತಾರೆ. ಧಡ್ ಭಡ್ ಕಡಿಮೆ. ಇಡೀ ಸಿನಿಮಾ ಕಪ್ಪು ಬಿಳುಪು, 2024ರಲ್ಲಿ, ಆ ಧೈರ್ಯಕ್ಕೇ ಒಂದು ಸ್ಟಾರ್ ಜಾಸ್ತಿ ಕೊಡ್ಬೇಕು. ಹಸಿದು ಬಂದ ಹಾಡುಗಾರ ಆ ಮನೆ ಹೊಕ್ಕಿದ್ದಾನೆ, ದಾಳ ಆಡು ಅಂತಾರೆ, ಪಣಕ್ಕಿಡಲಿಕ್ಕೆ ನನ್ನ ಹತ್ರ ಎಂತದ್ದೂ ಇಲ್ಲ ಅಂದ್ರೆ ನಿನ್ನ ಸಮಯ ಇದೆಯಲ್ಲ ಅದನ್ನೇ ಇಡು ಅಂತಾರೆ. ಅಷ್ಟೇ. ಅಲ್ಲಿ ನನ್ನ ಹೊಟ್ಟೆ ತಣ್ಣಗಾಯ್ತು. ಯಾಕಂದ್ರೆ ಅದು ದೆವ್ವದ ಮಾತಲ್ಲ, ಒಡೆಯನ ಮಾತು. ನಮ್ಮಪ್ಪ ಇನ್ನೊಬ್ರ ದೋಣಿಗೆ ದುಡಿದವ್ರು, ಮುಂಗಡ ತಗಂಡ ಮೇಲೆ ಸೀಸನ್ ನಡುವೆ ಬಿಟ್ಟು ಬರ್ಲಿಕ್ಕೆ ಆಗೋದಿಲ್ಲ ಅನ್ನೋದು ಮನೆಯಲ್ಲಿ ನೋಡಿ ಬೆಳೆದದ್ದು.

ನನ್ನ ಪ್ರಕಾರ ತೆರೆ ಮುಖ್ಯ ಅಲ್ಲ. ನಿಯಮ ಯಾರ ಕೈಯಲ್ಲಿದೆ ಅನ್ನೋದು ಮುಖ್ಯ. ಇಲ್ಲಿ ನಮ್ಮಲ್ಲಿ ಖಾಪ್ರಿ ದೇವರಿಗೆ ಸಿಗರೇಟು, ಹೆಂಡ, ಮೊಟ್ಟೆ ಕೊಡ್ತಾರೆ ಗೊತ್ತಲ್ಲ, ಹೊರಗಿನವರಿಗೆ ಅದು ತಮಾಷೆ ರೀಲು. ಹರಕೆ ಹೇಳ್ಕಂಡು ಕೊಡದೇ ಇದ್ದವ್ರನ್ನ ಕೇಳಿ, ಅವ್ರು ನಗೋದಿಲ್ಲ. ಯು ಟರ್ನ್ 2016ರಲ್ಲಿ ಬಂದಾಗ್ಲೂ ಇದೇ, ಫ್ಲೈಓವರ್ ಮೇಲೆ ಡಿವೈಡರ್ ಕಲ್ಲು ಸರಿಸಿ ಗಾಡಿ ತಿರುಗಿಸ್ತಾರೆ, ನಾವೆಲ್ಲಾ ಮಾಡೋ ಸಣ್ಣ ಕಳ್ಳತನ, ಅದಕ್ಕೆ ಲೆಕ್ಕ ಕೇಳ್ಲಿಕ್ಕೆ ಒಬ್ರು ಬರ್ತಾರೆ ಅಂತಾದ್ರೆ? ಆಮೇಲೆ ಒಂದು ತಿಂಗಳು ನಾನು ರಾಂಗ್ ಸೈಡಲ್ಲಿ ಬೈಕ್ ಓಡಿಸ್ಲಿಲ್ಲ. ಈಗ ಓಡಿಸ್ತೆ ಅದು ಬೇರೆ ವಿಷ್ಯ.

ಬಂಗಡೆಬಾಯ್, ಕುಮಟಾ:

ಎಲ್ಲಾ ಸರಿ, ಸು ಫ್ರಂ ಸೋ ಯಾವ ಲೆಕ್ಕಕ್ಕೆ? ನಾನಂತೂ ಹೆದರ್ಲಿಕ್ಕೆ ಅಂತ ಹೋಗಿ ನಕ್ಕು ನಕ್ಕು ಸೋಡಾ ಮೂಗಲ್ಲಿ ಬಂತು. ಥಿಯೇಟರ್ ಎಸಿ ಕೆಟ್ಟಿತ್ತು, ಟಿಕೆಟ್ ಕೊಡುವಾಗ ಹೇಳ್ಲಿಲ್ಲ, ಅದೇ ನಿಜವಾದ ಹಾರರ್.

ಎರಡೂವರೆ ಸ್ಟಾರ್, ಹೊನ್ನಾವರ:

ಬಂಗಡೆ, ಅದು ಹಾರರ್ ಅಲ್ಲ, ಹೆದರೋ ಜನರ ಬಗ್ಗೆ ಇರೋ ಸಿನಿಮಾ, ಅದಕ್ಕೇ ಚೊಲೋ ಆಗಿದೆ. ಹುಡುಗ ಬಚ್ಚಲು ಇಣುಕಲಿಕ್ಕೆ ಹೋಗಿ ಸಿಕ್ಕಿಬಿದ್ದು, ಮರ್ಯಾದೆ ಉಳಿಸ್ಕಳ್ಲಿಕ್ಕೆ ಮೈಮೇಲೆ ಬಂದಂಗೆ ಮಾಡ್ತಾನೆ, ಊರಿಗೆ ಊರೇ ನಂಬ್ತದೆ. 2025ರಲ್ಲಿ ನಾನು ಎರಡು ಸಲ ನೋಡಿದ್ದು ಅದೊಂದೇ.

ಕಾಳಿಸಂಗಮ, ನೀವು ಹೇಳಿದ್ದು ತಲೆ ಕೊರೀತಾ ಇದೆ. ನನಗೊಂದು ನೆನಪಾಯ್ತು, ಅದು ನನ್ನ ವಾದಕ್ಕೇ ಉಲ್ಟಾ ಹೊಡೀತದೆ ಆದ್ರೂ ಹೇಳ್ತೇನೆ. ಎಂಟೋ ಒಂಬತ್ತೋ ವರ್ಷ ನನಗೆ, ಅಪ್ಪಯ್ಯ ಚೌಕಿಗೆ, ಅದೇ ವೇಷದವ್ರು ಬಣ್ಣ ಹಚ್ಚೋ ಜಾಗಕ್ಕೆ, ಕರ್ಕಂಡು ಹೋಗಿದ್ರು. ರಾಕ್ಷಸ ವೇಷದವ್ರು ಪೆಟ್ಟಿಗೆ ಮೇಲೆ ಕೂತಿದ್ರು, ಮುಖವೆಲ್ಲಾ ಕೆಂಪು ಕಪ್ಪು ಬಣ್ಣ, ತುಟಿ ಬಣ್ಣ ಹೋಗ್ಬಾರ್ದು ಅಂತ ಕತ್ತು ಮೇಲೆ ಮಾಡಿ ಲೋಟ ಎತ್ತಿ ಚಾ ಸೀದಾ ಬಾಯೊಳಗೆ ಹೊಯ್ಕಳ್ತಾ ಇದ್ರು, ಮಧ್ಯೆ ನಿಲ್ಸಿ ಅಪ್ಪಯ್ಯನ ಹತ್ರ ಈ ವರ್ಷ ಅಡಕೆಗೆ ಕೊಳೆರೋಗ ಹೆಂಗೆ ಅಂತ ಕೇಳಿದ್ರು. ನನಗೆ ಒಂದು ಬಿಸ್ಕೀಟು ಕೊಟ್ರು. ಹೆದರಿಕೆ ಚೂರೂ ಇಲ್ಲ. ಅರ್ಧ ತಾಸು ಬಿಟ್ಟು ಅದೇ ಮನುಷ್ಯ ತೆರೆ ಹಿಂದಿಂದ ಕೂಗಿದಾಗ ಚಡ್ಡಿ ಒದ್ದೆ ಮಾಡ್ಕಂಡೆ. ಯಾರು ಅಂತ ಗೊತ್ತಿತ್ತು, ಮುಖ ನೋಡಾಗಿತ್ತು, ಮುಚ್ಚಿಟ್ಟದ್ದು ಎಂತದ್ದೂ ಇರ್ಲಿಲ್ಲ. ರಂಗಸ್ಥಳಕ್ಕೆ ಬಂದ ಮೇಲೆ ಅವ್ರು ಹೇಳಿದ್ದೇ ಲೆಕ್ಕ, ಬಿಸ್ಕೀಟು ಕೊಟ್ಟ ಸಂಬಂಧ ಅಲ್ಲಿ ನಡೆಯೋದಿಲ್ಲ ಅಂತ ಮೈಗೆ ಹೆಂಗೋ ಗೊತ್ತಾಗಿತ್ತು. ಹಂಗಾಗಿ ನೀವು ಹೇಳೋದ್ರಲ್ಲಿ ಮುಕ್ಕಾಲು ಒಪ್ದೆ. ತೆರೆಗೆ ಕಾಲು ಪಾಲು ಬಿಡಿ, ಪೂರ್ತಿ ಸೋಲೋದಿಲ್ಲ ನಾನು.

ಚಾಲಿ ಅಡಕೆ, ಯಲ್ಲಾಪುರ:

ನಿಯಮ ಅಂದ್ರಲ್ಲ, ಅದಕ್ಕೊಂದು. ತೊಂಬತ್ತರ ದಶಕದಲ್ಲಿ ಬಾಗ್ಲ ಮೇಲೆ ನಾಳೆ ಬಾ ಅಂತ ಬರೀತಿದ್ದದ್ದು ಯಾರಿಗೆಲ್ಲಾ ನೆನಪಿದೆ? ದೆವ್ವ ರಾತ್ರಿ ಬಂದು ಮನೆಯವರ ದನಿಯಲ್ಲೇ ಕರೀತದೆ, ಬರೆದಿದ್ದು ಓದಿ ವಾಪಸ್ ಹೋಗ್ತದೆ, ಮರುದಿನ ಬಂದ್ರೂ ನಾಳೆ ಬಾ. ಓದಲಿಕ್ಕೆ ಬರೋ ದೆವ್ವ, ಹೇಳಿದ ಮಾತು ಕೇಳೋ ದೆವ್ವ. ಅದನ್ನ ಹಿಂದಿಯವ್ರು ತಗಂಡು 2018ರಲ್ಲಿ ಮಧ್ಯಪ್ರದೇಶದ ಚಂದೇರಿಗೆ ಹಾಕಿ ಸ್ತ್ರೀ ಮಾಡಿದ್ರು, ಎರಡನೇ ಭಾಗ 2024ರಲ್ಲಿ ಬಂದು ಕೋಟಿ ಕೋಟಿ ಬಾಚ್ತು. ನಾವು ಬಾಗ್ಲಿಗೆ ಪೇಂಟ್ ಹೊಡೆದು ಅಳಿಸಿದ್ವಿ.

ಇಂಗ್ಲಿಷಿನ ಸಿನ್ನರ್ಸ್ ನೋಡಿದವ್ರು ಯಾರೂ ಇಲ್ವಾ? 1932ರ ಮಿಸಿಸಿಪ್ಪಿ, ಹತ್ತಿ ಹೊಲದ ಕಪ್ಪು ಜನ ರಾತ್ರಿ ಹಾಡು ಕುಣಿತ ಇಟ್ಕಂಡಿದ್ದಾರೆ, ರಕ್ತ ಕುಡಿಯೋರು ಬಾಗ್ಲಲ್ಲಿ ಬಂದು ನಿಂತು ನಮ್ಮನ್ನ ಒಳಗೆ ಕರೀರಿ ಅಂತ ನಯವಾಗಿ ಕೇಳ್ತಾರೆ. ಕರೆಯದೇ ಒಳಗೆ ಬರಲಿಕ್ಕಾಗೋದಿಲ್ಲ. ಎಷ್ಟು ಮರ್ಯಾದೆಯಿಂದ ಕೇಳ್ತಾರೆ ಅಂದ್ರೆ ನಾನಾಗಿದ್ರೆ ಬನ್ನಿ, ಆಸ್ರಿಗೆ, ಕುಡೀಲಿಕ್ಕೆ ಎಂತ ಬೇಕು ಅಂತಿದ್ದೆ. ನಮ್ಮ ಕಡೆ ಬಂದ್ರೆ ಒಂದು ವಾರದಲ್ಲಿ ತಾಲೂಕು ಖಾಲಿ.

ದಣಪೆ, ಶಿರಸಿ:

ಎಲ್ರಿಗೂ ಉಪಕಾರ. ಮಾಸ್ತರ್ರು ಖಾಸಗಿ ಮೆಸೇಜಲ್ಲಿ ಭೂತಕಾಲಂ ನೋಡು ತಮಾ ಅಂದಿದ್ರು, ಭ್ರಮಯುಗಂ ಮಾಡಿದ ರಾಹುಲ್ ಸದಾಶಿವನ್ ಅವ್ರದ್ದೇ, 2022ರದ್ದು. ನಿನ್ನೆ ಆಯಿ, ಅಂದ್ರೆ ಅಮ್ಮನ ಜೊತೆ ಕೂತು ನೋಡಿದೆ. ತಾಯಿ ಮಗ ಇಬ್ರೇ ಇರೋ ಬಾಡಿಗೆ ಮನೆ, ತಾಯಿಗೆ ಮನಸ್ಸು ಸರಿ ಇಲ್ಲ, ಮಗನಿಗೆ ಕೆಲ್ಸ ಇಲ್ಲ, ಮನೆಯಲ್ಲಿ ಏನೋ ಇದೆಯೋ ಇವ್ರ ತಲೆಯಲ್ಲಿದೆಯೋ ಅಂತ ಬಹಳ ಹೊತ್ತು ಗೊತ್ತಾಗೋದಿಲ್ಲ. ಆಯಿ ನಡುವೆ ಎರಡು ಸಲ ಎಲೆ ಅಡಕೆ ಕವಳ ಹಾಕಿದ್ಲು, ಮಾತಾಡ್ಲಿಲ್ಲ. ಮುಗಿದ ಮೇಲೆ, ಆ ತಾಯಿ ಪಾತ್ರದ ರೇವತಿ ಪಾಪ, ಮಗ ಒಂದು ಮಾತು ಚೆಂದ ಮಾಡಿ ಆಡಿದ್ರೆ ಆಗ್ತಿತ್ತು, ಅಂದ್ಲು, ನನ್ನ ಮುಖ ನೋಡಿ.

ರಾತ್ರಿ ಎರಡೂವರೆಗೆ ಬಚ್ಚಲ ಕಡೆಯಿಂದ ತಮಾ ಅಂತ ಕರೆದದ್ದು ಕೇಳ್ತು. ಸುಮ್ನಿದ್ದೆ. ಇನ್ನೊಂದ್ಸಲ ಕರೀತು. ಕಂಬಳಿ ಮೇಲೆ ಎಳ್ಕಂಡೆ. ಮೂರನೇ ಸಲಕ್ಕೆ ಓ ಅಂದೆ, ಆಯಿ ಲೈಟ್ ಹೋಗಿ ಕತ್ತಲಲ್ಲಿ ನಿಂತಿದ್ಲಂತೆ, ಬೆಳಗಿಂದ ನನಗೆ ದೋಸೆಗೆ ಬೆಣ್ಣೆ ಇಲ್ಲ.