ಶಿಕಾಗೋದಲ್ಲಿ ನಡೆದಾಡುವಾಗ ಎದ್ದ ಕೆಲವು ಸಂದೇಹಗಳು

ಪ್ರಶ್ನೆ: ಶಿವಮೊಗ್ಗದ ಮೇಷ್ಟರಮ್ಮ

ಎಲ್ಲರಿಗೂ ನಮಸ್ಕಾರ. ಮಗಳ ಮನೆಗೆಂದು ಬಂದವಳು ಮೂರು ದಿನಗಳಿಂದ ಶಿಕಾಗೋ ನಗರದ ನಡುಭಾಗವನ್ನು ಒಬ್ಬಳೇ ಕಾಲ್ನಡಿಗೆಯಲ್ಲಿ ಸುತ್ತುತ್ತಿದ್ದೇನೆ. ಮುಗಿಲು ಮುಟ್ಟುವ ಕಟ್ಟಡಗಳಿಗಿಂತ ಸಣ್ಣಪುಟ್ಟ ಸಂಗತಿಗಳೇ ನನ್ನನ್ನು ಹೆಚ್ಚು ತಡೆದು ನಿಲ್ಲಿಸಿವೆ. ಮಿಷಿಗನ್ ಅವೆನ್ಯೂ ಸೇತುವೆಯ ಮೇಲೆ ನಿಂತಿದ್ದಾಗ ಬಸ್ಸೊಂದು ಹಾದುಹೋಯಿತು. ಅಂಗಾಲಿಗೆ ನಡುಕ ತಟ್ಟಿತು. ಗಾಬರಿಯಿಂದ ಬಗ್ಗಿ ನೋಡಿದರೆ ಸೇತುವೆಯ ಮಧ್ಯದ ಸೀಳಿನಲ್ಲಿ ಹೊಳೆಯ ಹಸಿರು ನೀರು ಕಾಣಿಸಿತು. ಮೆಟ್ಟಿಲಿಳಿದರೆ ರಸ್ತೆಯ ಅಡಿಯಲ್ಲಿ ಇನ್ನೊಂದು ರಸ್ತೆ, ಹಗಲಲ್ಲೂ ಉರಿಯುವ ದೀಪಗಳು, ಸರಕಿನ ಲಾರಿಗಳು. ಹೀಗೆ ಕಟ್ಟಿದ್ದು ಏಕೆ? ಆಚೆ ದಡವೇ ಕಾಣದಂಥ ಸರೋವರದ ಅಂಚಿನಲ್ಲಿ ಶ್ರೀಮಂತರ ಬಂಗಲೆಗಳ ಬದಲು ಹುಲ್ಲುಹಾಸು ಉಳಿದದ್ದಾದರೂ ಹೇಗೆ? ನಾಳೆ ನಮ್ಮವರ ಅಂಗಡಿಗಳಿರುವ ಡೆವನ್ ಅವೆನ್ಯೂಗೆ ಹೋಗಬೇಕೆಂದಿದ್ದೇನೆ. ದಾರಿಯನ್ನೂ ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ: ಹೊಳೆದಂಡೆ

ಅಮ್ಮಾ, ಸೇತುವೆ ನಡುಗಿತೆಂದು ಹೆದರಬೇಡಿ. 1920ರಲ್ಲಿ ಸಂಚಾರಕ್ಕೆ ತೆರೆದ ಆ ಸೇತುವೆ ಎರಡು ರೆಕ್ಕೆಗಳುಳ್ಳದ್ದು; ದಡದ ಕಡೆ ಇರುವ ಭಾರದ ಸಹಾಯದಿಂದ ಎರಡೂ ಮೇಲಕ್ಕೆದ್ದು ದೋಣಿಗಳಿಗೆ ದಾರಿ ಬಿಡುತ್ತವೆ. ನೀವು ಕಂಡ ಸೀಳು ಆ ಎರಡು ರೆಕ್ಕೆಗಳು ಕೂಡುವ ಜಾಗ. ಕೆಳಗಿನ ರಸ್ತೆ 1926ರಲ್ಲಿ ತೆರೆದ ವ್ಯಾಕರ್ ಡ್ರೈವ್‌ನ ಕೆಳ ಅಂತಸ್ತು ಇರಬೇಕು. ಸರಕು ಸಾಗಣೆಯನ್ನು ಅಲ್ಲಿಗೆ ಇಳಿಸಿ ಮೇಲಿನ ರಸ್ತೆಯ ದಟ್ಟಣೆಯನ್ನು ತಗ್ಗಿಸುವುದು ಅದರ ಉದ್ದೇಶವಾಗಿತ್ತು.

ಆದರೆ ಆ ಹಸಿರು ನೀರಿನ ಕಥೆಯೇ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ತೋರುತ್ತದೆ. ಹೊಳೆ ಮೊದಲು ಮಿಷಿಗನ್ ಸರೋವರಕ್ಕೆ ಹರಿಯುತ್ತಿತ್ತು, ಊರಿನ ಕೊಳಚೆಯೆಲ್ಲ ಅದರೊಂದಿಗೆ ಸರೋವರ ಸೇರುತ್ತಿತ್ತು, ಕುಡಿಯುವ ನೀರನ್ನೂ ಜನ ಅದೇ ಸರೋವರದಿಂದ ತರುತ್ತಿದ್ದರು. ಇದನ್ನು ತಪ್ಪಿಸಲು ಸುಮಾರು 45 ಕಿಲೋಮೀಟರ್ ಉದ್ದದ ಕಾಲುವೆ ತೋಡಿ, 1900ರಲ್ಲಿ ಹೊಳೆಯ ಹರಿವನ್ನೇ ಹಿಂದಕ್ಕೆ ತಿರುಗಿಸಿ, ಮಿಸಿಸಿಪ್ಪಿ ನದಿಯ ಕಡೆಗೆ ಸಾಗುವಂತೆ ಮಾಡಿದರು. ನಾಳೆ ಮತ್ತೆ ಆ ಸೇತುವೆಗೆ ಹೋದರೆ ನೀರು ಸರೋವರಕ್ಕೆ ಬೆನ್ನು ಹಾಕಿ ಸಾಗುವುದನ್ನು ಗಮನಿಸಿ.

ಉತ್ತರ: ಸರೋವರದ ನೆರೆಯವ

ನಡುನಗರದ ದಡ ತಾನಾಗಿ ಉಳಿದದ್ದಲ್ಲ. ಈಗಿನ ಗ್ರಾಂಟ್ ಪಾರ್ಕಿನ ಜಾಗವನ್ನು ಯಾವ ಕಟ್ಟಡವೂ ಇಲ್ಲದೆ ಎಂದೆಂದಿಗೂ ತೆರವಾಗಿಯೇ ಇಡಬೇಕೆಂದು 1836ರ ನಕ್ಷೆಯಲ್ಲಿ ಬರೆದಿದ್ದರು. ಮುಂದೆ ಅಲ್ಲಿ ಕಟ್ಟಡಗಳು ಏಳಲು ಹೊರಟಾಗ, ಎದುರಿಗೇ ಕಚೇರಿ ಹೊಂದಿದ್ದ ವರ್ತಕ ಮಾಂಟ್ಗೊಮೆರಿ ವಾರ್ಡ್, ಆ ಒಂದು ಬರಹವನ್ನು ಆಧಾರವಾಗಿ ಹಿಡಿದು 1890ರಿಂದ ಸುಮಾರು ಇಪ್ಪತ್ತು ವರ್ಷ ನ್ಯಾಯಾಲಯದಲ್ಲಿ ಹೋರಾಡಿ ಗೆದ್ದರು. ದಾವೆ ಹೂಡುತ್ತಿದ್ದ ಕಾಲದಲ್ಲಿ ಅವರಿಗೆ ಸಿಕ್ಕದ್ದು ಹೆಚ್ಚಾಗಿ ಬೈಗುಳವೇ. ಸಂಜೆ ಆ ಹುಲ್ಲಿನ ಮೇಲೆ ಕೂತಾಗಲೆಲ್ಲ ನಾನು ಅವರನ್ನು ಕೃತಜ್ಞತೆಯಿಂದ ನೆನೆಯುತ್ತೇನೆ.

ಅಲ್ಲೇ ಇರುವ ಆರ್ಟ್ ಇನ್‌ಸ್ಟಿಟ್ಯೂಟ್ ಎಂಬ ಕಲಾ ಸಂಗ್ರಹಾಲಯದ ಕಟ್ಟಡವನ್ನು ತಪ್ಪದೆ ನೋಡಿ. ಸ್ವಾಮಿ ವಿವೇಕಾನಂದರು 1893ರ ಸೆಪ್ಟೆಂಬರ್ 11ರಂದು ಭಾಷಣ ಮಾಡಿದ ಸರ್ವಧರ್ಮ ಸಮ್ಮೇಳನ ನಡೆದದ್ದು ಅಲ್ಲಿಯೇ.

ಉತ್ತರ: ಡೆವನ್ ಗಿರಾಕಿ

ದಾರಿ ಬಹಳ ಸುಲಭ. ಸ್ಟೇಟ್ ಮತ್ತು ಮ್ಯಾಡಿಸನ್ ರಸ್ತೆಗಳು ಕೂಡುವ ಮೂಲೆಯೇ ಈ ಊರಿನ ಸೊನ್ನೆ. ಅಲ್ಲಿಂದ ಯಾವ ದಿಕ್ಕಿಗೆ ಹೋದರೂ ಸಾಮಾನ್ಯವಾಗಿ ಮೈಲಿಗೆ 800ರಂತೆ ಮನೆ ಸಂಖ್ಯೆ ಏರುತ್ತದೆ. ಡೆವನ್ ಇರುವುದು ಉತ್ತರಕ್ಕೆ 6400ರಲ್ಲಿ, ಅಂದರೆ ಎಂಟು ಮೈಲಿ ದೂರದಲ್ಲಿ. ರೆಡ್ ಲೈನ್ ರೈಲಿನಲ್ಲಿ ಲೊಯೋಲಾ ನಿಲ್ದಾಣಕ್ಕೆ ಹೋಗಿ, ಅಲ್ಲಿಂದ 155ನೇ ಬಸ್ ಹಿಡಿಯಿರಿ. ಪಶ್ಚಿಮದ 2400, ಅಂದರೆ ವೆಸ್ಟರ್ನ್ ಅವೆನ್ಯೂ ಬಂದಾಗ ಇಳಿದು ಮುಂದಕ್ಕೆ ನಡೆದರೆ ನಮ್ಮವರ ಅಂಗಡಿಗಳ ಸಾಲು ಸಿಗುತ್ತದೆ. ಹಾಂ, ಅಂಗಡಿಯ ಚೀಟಿಯಲ್ಲಿರುವ ಬೆಲೆಗೆ ತೆರಿಗೆ ಸೇರಿರುವುದಿಲ್ಲ. ಅದು ಬಿಲ್ಲಿನಲ್ಲಿ ಕೂಡುತ್ತದೆ.

ಮರುಪ್ರಶ್ನೆ: ಶಿವಮೊಗ್ಗದ ಮೇಷ್ಟರಮ್ಮ

ಮೂವರಿಗೂ ಧನ್ಯವಾದಗಳು. ಇಂದು ಬಸ್ಸಿನ ಕಿಟಕಿಯ ಪಕ್ಕ ಕೂತು 1600, 2000, 2400 ಎಂದು ಮಗುವಿನಂತೆ ಸಂಖ್ಯೆ ಓದುತ್ತ ಹೋಗಿ, ಯಾರನ್ನೂ ಕೇಳದೆ ಸರಿಯಾದ ಕಡೆಯೇ ಇಳಿದೆ. ಮಗಳಿಗೆಂದು ಕರಿಬೇವು ತಂದಿದ್ದೇನೆ. ಇನ್ನು ಒಂದೇ ಸಂದೇಹ: ಆ ಸೇತುವೆಯ ರೆಕ್ಕೆಗಳು ಮೇಲೇಳುವುದನ್ನು ನೋಡಬೇಕಾದರೆ ಯಾವ ತಿಂಗಳಲ್ಲಿ ಬರಬೇಕು?

ಉತ್ತರ: ಹೊಳೆದಂಡೆ

ವಸಂತದಲ್ಲಿ ಹಾಯಿದೋಣಿಗಳು ಸರೋವರಕ್ಕೆ ಹೊರಡುವಾಗ, ಇಲ್ಲವೇ ಶರತ್ಕಾಲದಲ್ಲಿ ಅವು ಹಿಂದಿರುಗುವಾಗ ಬನ್ನಿ.